ಯಜಮಾನರ ಉಸಿರು

ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲಿ ಉಪ್ಪಿನಕಾಯಿ ಜಾಡಿಗಳ ಅಡಿಗೆ ಅಮ್ಮ ಹಾಸುವುದು ನಾಟಕದ ಹ್ಯಾಂಡ್‌ಬಿಲ್ಲುಗಳನ್ನು. ಸುದ್ದಿಪತ್ರಿಕೆ ಎಣ್ಣೆ ಕುಡಿದು ನಾಲ್ಕೇ ದಿನಕ್ಕೆ ಹರಿದುಹೋಗುತ್ತದೆ, ಹ್ಯಾಂಡ್‌ಬಿಲ್ಲಿನ ಗುಲಾಬಿ ಕಾಗದ ಮಾತ್ರ ನಾಟಕದವರ ಹಾಗೆ, ಎಷ್ಟು ಜಿಡ್ಡು ಹಿಡಿದರೂ ಜಾಗ ಬಿಟ್ಟು ಏಳುವುದಿಲ್ಲ ಎಂಬುದು ಅವಳ ಅನುಭವ. ಪ್ರತಿ ದೀಪಾವಳಿಗೂ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದೊಂದನ್ನು ಹಾಸುತ್ತಾಳೆ. ಹೋದ ದೀಪಾವಳಿಯಲ್ಲಿ ನಾನು ಜಾಡಿಗಳನ್ನೆಲ್ಲ ಕೆಳಗಿಳಿಸಿ, ಆ ಪದರಗಳನ್ನು ಒಂದೊಂದಾಗಿ ಬಿಡಿಸಿ, ವರ್ಷದ ಕ್ರಮದಲ್ಲಿ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದೆ. ಐದು ಪದರ, ಐದು ವರ್ಷ, ಒಬ್ಬನೇ ಮನುಷ್ಯ.

ಎಲ್ಲಕ್ಕಿಂತ ಕೆಳಗಿನದರಲ್ಲಿ ‘ಮಾಸ್ಟರ್ ಮುರಿಗೆಪ್ಪ’ ಎಂದಷ್ಟೇ ಇತ್ತು. ಎರಡನೆಯದರಲ್ಲಿ ಅವರು ‘ಗಾನಭೃಂಗ’ರಾಗಿದ್ದರು. ಮೂರನೆಯದಕ್ಕೆ ಬರುವಾಗ ‘ಅಭಿನಯ ಮಾರ್ತಾಂಡ’ ಎಂಬುದು ಬಂದು ಸೇರಿತ್ತು. ನಾಲ್ಕನೆಯದರಲ್ಲಿ ಅದೆಲ್ಲದರ ತಲೆಯ ಮೇಲೆ ‘ಕಂಠೀರವಕಂಠ’ ಏರಿ ಕುಳಿತಿತ್ತು. ಐದನೆಯದರಲ್ಲಂತೂ ಬಿರುದುಗಳೇ ನಾಲ್ಕು ಸಾಲಾಗಿ, ನಾಟಕದ ಹೆಸರು ಮೂಲೆಗೆ ಸರಿದು, ಆಟ ಎಷ್ಟು ಗಂಟೆಗೆ ಶುರು ಎಂಬ ವಿಷಯ ಅಂಚಿನ ಹೊರಗೆ ಬೀಳುವಂತಾಗಿ ಅರ್ಧ ಮಾತ್ರ ಅಚ್ಚಾಗಿತ್ತು. ಈ ಬಿರುದುಗಳನ್ನು ಕೊಟ್ಟವರು ಯಾರು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಹ್ಯಾಂಡ್‌ಬಿಲ್ಲು ಬರೆದುಕೊಡುವವರು ಕಂಪನಿಯ ಯಜಮಾನರು. ಕಂಪನಿಯ ಯಜಮಾನರು ಮಾಸ್ಟರ್ ಮುರಿಗೆಪ್ಪನವರು.

ಹೀಗೆ ಎಣಿಸುವ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಬಂದದ್ದೋ ತಿಳಿಯದು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಾನು ಹಾಜರಿ ಗುಮಾಸ್ತ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುವ ಮುಂಚೆ ಕಿಟಕಿಯ ಹಿಂದೆ ಕುಳಿತು, ಪ್ರತಿಯೊಬ್ಬ ಕೆಲಸಗಾರನಿಗೂ ಅವನ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು, ತಡವಾದವನಿಗೆ ಎಷ್ಟು ನಿಮಿಷ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಮನೆಗೆ ಬಂದ ಮೇಲೆ ಡೈರಿ. ಮುರಿಗೆಪ್ಪನವರ ಕಂಪನಿ ಭದ್ರಾವತಿಯಲ್ಲೋ ಶಿವಮೊಗ್ಗದಲ್ಲೋ ತಗಡಿನ ಥಿಯೇಟರು ಎಬ್ಬಿಸಿತೆಂದರೆ ಭಾನುವಾರದ ಮಧ್ಯಾಹ್ನದ ಆಟವನ್ನು ನಾನು ತಪ್ಪಿಸಿದವನಲ್ಲ, ಮತ್ತು ನೋಡಿದ ಪ್ರತಿಯೊಂದು ಆಟಕ್ಕೂ ಡೈರಿಯಲ್ಲಿ ಗೆರೆ ಎಳೆದ ಒಂದು ಪುಟ ಉಂಟು: ವಾರ, ಊರು, ಹಾಡುಗಳೆಷ್ಟು, ‘ವನ್ಸ್ ಮೋರ್’ ಎಷ್ಟು, ಶ್ರುತಿ ಯಾವುದು.

ಶ್ರುತಿಯ ಕಾಲಮ್ಮೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ರಂಗದ ಮುಂದಿನ ಹಳ್ಳದಲ್ಲಿ ಕೂರುವ ಹಾರ್ಮೋನಿಯಂ ಮೇಷ್ಟ್ರು ಸುಬ್ಬಣ್ಣನವರ ಬೆನ್ನ ಹಿಂದಿನ ಬೆಂಚೇ ನನ್ನ ಕಾಯಂ ಜಾಗವಾದ್ದರಿಂದ ಅವರ ಬೆರಳು ಯಾವ ಮನೆಯ, ಎಂದರೆ ಯಾವ ಕೀಲಿಯ ಮೇಲೆ ನಿಂತಿದೆ ಎಂಬುದು ನನಗೆ ಕಾಣುತ್ತಿತ್ತು. ಮೊದಲ ವರ್ಷ ಯಜಮಾನರು ಹಾಡಿದ್ದು ಕರಿಯ ಮನೆಗಳಲ್ಲಿ ನಾಲ್ಕನೆಯದರಿಂದ. ಎತ್ತರದ ಶ್ರುತಿ, ಗಂಡಸಿನ ಗಂಟಲಿಗೆ ಅದು ಏರಿದ ಹೊಳೆಗೆ ಎದುರು ಈಜಿದ ಹಾಗೆ. ಎರಡನೆಯ ವರ್ಷ ಅದು ಕರಿ ಮೂರು. ನಯಾಪೈಸೆ ಚಲಾವಣೆಗೆ ಬಂದ ವರ್ಷ ಕರಿ ಎರಡು. ಈಗ ಬಿಳಿ ಎರಡು. ಬಿರುದು ಒಂದೊಂದೇ ಮೆಟ್ಟಿಲು ಹತ್ತಿದಂತೆ ದನಿ ಒಂದೊಂದೇ ಮೆಟ್ಟಿಲು ಇಳಿದಿತ್ತು. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ, ವಯಸ್ಸು ಯಾರನ್ನು ಬಿಟ್ಟಿದೆ? ಆದರೆ ಯಜಮಾನರು ಇಳಿದರೆ ಅವರೊಬ್ಬರೇ ಇಳಿಯುವುದಿಲ್ಲ. ಒಂದು ಕಂಪನಿಗೆ ಒಂದೇ ಶ್ರುತಿ ಎಂಬುದು ಅವರ ಕಟ್ಟಳೆ. ಹಾಗಾಗಿ ಇಪ್ಪತ್ತರ ಹರೆಯದ ರಾಜಕುಮಾರಿಯೂ ಬಿಳಿ ಎರಡರಲ್ಲೇ ಪ್ರೇಮಗೀತೆ ಹಾಡಬೇಕು. ಪಾಪ, ಅವಳ ವಿರಹ ಬಾವಿಯೊಳಗೆ ಬಿದ್ದ ಕೊಡದಿಂದ ಕೇಳಿಬಂದಂತೆ ಕೇಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಯಜಮಾನರು ಹಾಗೆ ಗೊಣಗುವವರಲ್ಲ, ನೆಲವನ್ನೇ ಅಗೆಸಿ ತಮ್ಮ ಕಾಲಿನ ಮಟ್ಟಕ್ಕೆ ಇಳಿಸಿಬಿಡುವವರು.

ಕಂಪನಿ ನಡೆಸುವ ಗಾಯಕರ ಬಾಳುವೆಯೇ ಒಂದು ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ. ಮೀಸೆ ಮೂಡುವ ಮುನ್ನ ಸೀರೆ ಉಟ್ಟು ನಾಯಕಿ. ದನಿ ಒಡೆದು ಕಾಗೆಯಂತಾದ ಎರಡು ವರ್ಷ ಪರದೆ ಎಳೆಯುವ ಕೆಲಸ. ದನಿ ಕೂಡಿಕೊಂಡ ಮೇಲೆ ನಾಯಕನ ಗೆಳೆಯ, ಆಮೇಲೆ ಒಂದು ದಿನ ನಾಯಕನಿಗೆ ಜ್ವರ ಬಂದಾಗ ನಾಯಕ. ಅಲ್ಲಿಂದ ಮುಂದಿನದು ಜಗಳ. ಜಗಳದ ಕಾರಣ ಏನೇ ಇರಲಿ, ಮುಗಿಯುವುದು ಮಾತ್ರ ಒಂದೇ ರೀತಿ: ಹೊಸ ನಾಯಕ ಅರ್ಧ ಮೇಳವನ್ನೂ ಅರಮನೆಯ ಪರದೆಯನ್ನೂ ಕಟ್ಟಿಕೊಂಡು ಹೊರಟು ತಾನೇ ಯಜಮಾನನಾಗುತ್ತಾನೆ. ಅಂದಿನಿಂದ ಅವನಿಗೆ ವಯಸ್ಸಾಗುವುದು ನಿಂತುಹೋಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಐವತ್ತೈದು ತುಂಬಿದವನಿಗೆ ಒಂದು ಹಾರ ಹಾಕಿ, ಉಪ್ಪಿಟ್ಟು ಕೇಸರಿಬಾತು ತಿನ್ನಿಸಿ ಮನೆಗೆ ಕಳಿಸುತ್ತಾರೆ; ಅವನು ಮರುದಿನ ಸುತ್ತಿಗೆ ಹಿಡಿದು ಬಂದರೂ ನಾನು ಬಿಲ್ಲೆ ಕೊಡುವುದಿಲ್ಲ. ರಾಜಕುಮಾರನ ಕೆಲಸಕ್ಕೆ ಅಂಥ ಗುಮಾಸ್ತನೊಬ್ಬ ಇಲ್ಲದೆ ಹೋದದ್ದೇ ನಮ್ಮ ರಂಗಭೂಮಿಯ ದೊಡ್ಡ ಕೊರತೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮುರಿಗೆಪ್ಪನವರು ವನವಾಸಕ್ಕೆ ಹೊರಡುವ ಹದಿನಾರರ ರಾಜಕುಮಾರನಾಗಿ, ಹೊಟ್ಟೆಯ ಮೇಲೆ ಜರಿಯ ಪಟ್ಟಿ ಬಿಗಿದು, ಕಟ್ಟಿಸಿದ ಹಲ್ಲು ತೋರಿಸುತ್ತ ಬರುವುದನ್ನು ನಾನು ಈ ಐದು ವರ್ಷಗಳಲ್ಲಿ ನಲವತ್ತೊಂದು ಸಲ ನೋಡಿದ್ದೇನೆ.

ನೋಡಿದ ಮೇಲೆ ಬೈಯುವುದೇಕೆ, ಬೈಯುವವನು ನಲವತ್ತೊಂದು ಸಲ ಹೋಗುವುದೇಕೆ ಎಂದು ನೀವು ನಗುತ್ತಿರಬಹುದು. ತಡವಾಗಿ ಬರುವವರ ಲೆಕ್ಕ ಇಡುವವನು ತಾನು ಬೇಗ ಬರಬೇಕಾಗುತ್ತದೆ, ಅಷ್ಟೇ. ಇನ್ನು ಪ್ರೇಕ್ಷಕರ ವಿಷಯ. ಹಾಡು ಮುಗಿದೊಡನೆ ‘ವನ್ಸ್ ಮೋರ್’ ಎಂದು ಕೂಗುವುದು ಎಲ್ಲ ಊರಿನಲ್ಲೂ ಇರುವ ರೂಢಿಯೇ. ಆದರೆ ನಮ್ಮಲ್ಲಿ ಅದಕ್ಕೆ ಸತ್ತವರೂ ಏಳಬೇಕು. ಎದೆಗೆ ಬಾಣ ಬಿದ್ದು ಸತ್ತ ರಾಜಕುಮಾರ, ಕೂಗು ಕೇಳಿದೊಡನೆ ಎದ್ದು, ಬಾಣವನ್ನು ಕಂಕುಳಿನಲ್ಲಿ ಸರಿಮಾಡಿಕೊಂಡು, ಮರಣಗೀತೆಯನ್ನು ಇನ್ನೊಮ್ಮೆ ಹಾಡಿ, ಅದೇ ಜಾಗದಲ್ಲಿ ಜೋಪಾನವಾಗಿ ಮಲಗಿದ್ದನ್ನು ಒಂದೇ ಮಧ್ಯಾಹ್ನ ಮೂರು ಸಲ ಎಣಿಸಿದ್ದೇನೆ. ಹಾಡಿದ್ದೇ ಹಾಡುವ ಕಿಸಬಾಯಿ ದಾಸನನ್ನು ಜನ ಹಂಗಿಸುತ್ತಾರೆ. ಹಾಡಿದ್ದನ್ನೇ ಹಾಡು ಎಂದು ಬಲವಂತ ಮಾಡುವವರನ್ನು ಹಂಗಿಸುವ ಗಾದೆ ಇನ್ನೂ ಹುಟ್ಟಿಲ್ಲ.

ಈ ಕಂಪನಿಗೆ ಹಾಲೇಶ ಸೇರಿದ. ಹಾಲೇಶ ನನ್ನ ಗೆಳೆಯ, ಹೊಳಲೂರಿನವನು, ಕಾರ್ಖಾನೆಯಲ್ಲಿ ಎರಕದ ಅಚ್ಚು ಕಟ್ಟುವ ಕೆಲಸದವನು. ಗಣಪತಿ ಹಬ್ಬದಲ್ಲಿ ಕಾರ್ಖಾನೆಯವರೇ ಆಡುವ ನಾಟಕದಲ್ಲಿ ಅವನು ಹಾಡಲು ನಿಂತರೆ ಕ್ವಾರ್ಟರ್ಸಿನ ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸಿ ಬರುತ್ತಿದ್ದರು. ಎತ್ತರದ, ಬಿಗಿಯಾದ, ಎಲ್ಲೂ ಗೀರಿಲ್ಲದ ದನಿ. ಮುರಿಗೆಪ್ಪನವರು ಭದ್ರಾವತಿ ಕ್ಯಾಂಪಿನಲ್ಲಿದ್ದಾಗ ಅದನ್ನು ಕೇಳಿ ಕಂಪನಿಗೆ ಬಾ ಎಂದರು. ಹಾಲೇಶ ಆರು ತಿಂಗಳ ಸಂಬಳವಿಲ್ಲದ ರಜೆಗೆ ಅರ್ಜಿ ಬರೆದು ನನ್ನ ಕಿಟಕಿಯ ಮುಂದೆ ಬಂದು ನಿಂತ.

“ರಾಜಕುಮಾರನ ಪಾರ್ಟು ಕೊಡ್ತೀನಿ ಅಂದಿದಾರೆ ಮಾರಾಯ. ಮೊದ್ಲು ಸ್ವಲ್ಪ ದಿನ ಚಿಕ್ಕ ಪಾರ್ಟು, ಆಮೇಲೆ ಅದು,” ಎಂದ.

“ಸ್ವಲ್ಪ ದಿನ ಅಂದ್ರೆ ಎಷ್ಟು?” ಎಂದು ಕೇಳಿದೆ.

“ಅದನ್ನೆಲ್ಲ ಕೇಳಕ್ಕಾಗುತ್ತೇನೋ? ಕಲೆ ಅದು. ನಿನ್ನ ಹಾಜರಿ ಪುಸ್ತಕ ಅಲ್ಲ.”

ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ, “ಬಿಡಿ ಸಾಮಿ, ರಾಜರಿಗೆ ದಾರಿ ಬಿಡಿ, ನಮ್ಗೆ ಲೇಟಾಯ್ತದೆ,” ಎಂದರು. ಸಾಲು ನಕ್ಕಿತು. ನಾನು ರಜೆ ಮುಗಿಯುವ ಸೋಮವಾರವನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ. ಆ ಬೆಳಿಗ್ಗೆ ಬರದಿದ್ದರೆ ಹೆಸರು ಹೊಡೆದು ಹಾಕಬೇಕು, ಹೆಸರು ಹೋದರೆ ಕ್ವಾರ್ಟರ್ಸು ಹೋಗುತ್ತದೆ. ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿ ಪಾರ್ವತಿ, ಒಂದೂವರೆ ವರ್ಷದ ಕೂಸು ಇದ್ದರು.

ಹಾಲೇಶನಿಗೆ ಸಿಕ್ಕಿದ ಚಿಕ್ಕ ಪಾರ್ಟು ಯಾವುದೆಂದರೆ ರಾಜಕುಮಾರನ ಮುದಿ ತಂದೆಯದು. ಇಪ್ಪತ್ತಾರರ ಹುಡುಗ ಬಿಳಿ ಗಡ್ಡ ಅಂಟಿಸಿಕೊಂಡು ಬೆನ್ನು ಬಗ್ಗಿಸಿ, ಐವತ್ತು ದಾಟಿದ ಮುರಿಗೆಪ್ಪನವರ ತಲೆ ಸವರಿ “ಕಂದಾ, ನಿನ್ನ ಎಳೆಯ ಪಾದಗಳು ಕಲ್ಲುಮುಳ್ಳು ತುಳಿಯುವುದೇ?” ಎನ್ನಬೇಕು. ಎಳೆಯ ಪಾದಗಳಿಗೆ ಆಣಿ ಎದ್ದು ಯಜಮಾನರು ಕುಂಟುತ್ತಿದ್ದರು. ದಾವಣಗೆರೆ, ಹರಿಹರ, ರಾಣೆಬೆನ್ನೂರು ಎಂದು ಕಂಪನಿ ತಿರುಗಿದ ಕಡೆಗಳಿಂದೆಲ್ಲ ಹಾಲೇಶ ನನಗೆ ಕಾರ್ಡು ಬರೆಯುತ್ತಿದ್ದ. ಎಲ್ಲ ಕಾರ್ಡಿನ ಕೊನೆಯ ಸಾಲೂ ಒಂದೇ: ಮುಂದಿನ ಕ್ಯಾಂಪಿಗೆ ಕೊಡುತ್ತಾರೆ. ಹೀಗೆ ಐದು ತಿಂಗಳು ಕಳೆದು ಕಂಪನಿ ಶಿವಮೊಗ್ಗಕ್ಕೆ ಬಂತು. ರಜೆಯ ಕೊನೆಯ ಭಾನುವಾರವೂ ಬಂತು.

ಇಲ್ಲಿ ಒಂದು ಹಾಡಿನ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಾಜಕುಮಾರ ವನವಾಸಕ್ಕೆ ಹೊರಡುವಾಗ ತಾಯಿಯ ಮುಂದೆ ನಿಂತು ಹಾಡುವ ಹಾಡು ಅದು, ಅದರ ಪಲ್ಲವಿ “ಎಣ್ಣೆನೀರು ಎರೆದ ಕೈಯೆ, ಹೊಸ್ತಿಲ ದಾಟಿಸು ತಾಯೆ.” ಇದನ್ನು ಒಂದೇ ಉಸಿರಿನಲ್ಲಿ, ‘ಕೈಯೆ’ ಎಂಬಲ್ಲಿ ಮೇಲೇರಿ ತೇಲಿ, ಅಲ್ಲಿಂದ ನೂಲು ಕಡಿಯದ ಹಾಗೆ ಇಳಿದು ‘ತಾಯೆ’ಯಲ್ಲಿ ನಿಲ್ಲಿಸಬೇಕು. ಮೊದಲ ಎರಡು ವರ್ಷ ಮುರಿಗೆಪ್ಪನವರು ಹಾಗೆಯೇ ಹಾಡಿದರೆಂದು ನನ್ನ ಡೈರಿಯೇ ಹೇಳುತ್ತದೆ; ಆ ಪುಟಗಳಲ್ಲಿ ನನಗೂ ಬೈಯಲು ಏನೂ ಸಿಕ್ಕಿಲ್ಲ. ಮೂರನೆಯ ವರ್ಷ ಅವರು ಎದೆಕಟ್ಟಿನಿಂದ ಹದಿನೈದು ದಿನ ಮಲಗಿ ಎದ್ದು ಬಂದ ಮೊದಲ ಭಾನುವಾರದ ಪುಟದಲ್ಲಿ ಹೀಗಿದೆ: ‘ಹೊಸ್ತಿ ಎಂಬಲ್ಲಿ ಉಸಿರು ಮುಗಿಯಿತು. ಲ ತಡವಾಗಿ ಬಂತು. ಯಾರೂ ನಗಲಿಲ್ಲ.’

ನಗುವುದಿರಲಿ, ನನ್ನ ಪಕ್ಕದಲ್ಲಿದ್ದ ಅಡಿಕೆ ಮಂಡಿಯವರು ಕಣ್ಣೊರೆಸಿಕೊಂಡು, “ಗಂಟಲು ಕಟ್ಟಿ ಬಂತು ನೋಡ್ರೀ, ಅದೂ ಅಭಿನಯ ಅಂದ್ರೆ!” ಎಂದರು. ‘ಹೊಸ್ತಿ’ ಎಂದು ಒಂದು ಏದುಸಿರು, ಆಮೇಲೆ ‘ಲ ದಾಟಿಸು’. ಮುರಿಗೆಪ್ಪನವರ ಕಿವಿಗೆ ಚಪ್ಪಾಳೆ ತಪ್ಪುವುದಿಲ್ಲ. ಎರಡನೆಯ ವಾರವೂ ಅಲ್ಲೇ ಕಡಿಯಿತು. ನಾಲ್ಕನೆಯ ವಾರದ ಹೊತ್ತಿಗೆ ಎದೆ ಪೂರಾ ಸುಧಾರಿಸಿ, ಬೇರೆ ಹಾಡುಗಳಲ್ಲಿ ಉಸಿರು ಸಲೀಸಾಗಿ ಓಡುತ್ತಿದ್ದರೂ ಇಲ್ಲಿ ಮಾತ್ರ ಕಡಿಯುತ್ತಿದ್ದರು. ಹೀಗೆ ಒಂದು ಕಾಯಿಲೆ ನಾಲ್ಕು ವಾರಗಳಲ್ಲಿ ಕಲೆಯಾಗಿ ಬಡ್ತಿ ಪಡೆಯಿತು. ಕಾರ್ಖಾನೆಯಲ್ಲಿ ಅಷ್ಟು ಬೇಗ ಯಾರಿಗೂ ಬಡ್ತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಆ ಕೊನೆಯ ಭಾನುವಾರ ನಾನು ಭದ್ರಾವತಿಯಲ್ಲಿ ರೈಲು ಹತ್ತುವ ಮೊದಲು ಪಾರ್ವತಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಮನೆಗೆ ಬಂದಳು.

“ಅಣ್ಣ, ಸಂಜೆ ರೈಲಿಗೆ ಅವರನ್ನ ಕರ್ಕೊಂಡೇ ಬನ್ನಿ. ಬರಲ್ಲ ಅಂದ್ರೆ ಕಾರಣ ಕೇಳ್ತಾ ಕೂತ್ಕೋಬೇಡಿ, ನೀವು ಕೇಳ್ತಾ ಬರ್ಕೊಳ್ತಾ ಇದ್ರೆ ರೈಲು ಹೋಗುತ್ತೆ. ಕೈ ಹಿಡ್ದು ಎಳ್ಕೊಂಡ್ ಬನ್ನಿ. ಕ್ವಾರ್ಟರ್ಸು ಬಿಡಿ ಅಂದ್ರೆ ಈ ಕೂಸು ಕಟ್ಕೊಂಡು ಎಲ್ಲಿಗ್ ಹೋಗ್ಲಿ ನಾನು?”

ಕರೆತರುತ್ತೇನೆ ಎಂದೆ.

ಥಿಯೇಟರಿನ ಹಿಂದೆ ಬಣ್ಣದ ಕೋಣೆಗೆ ಹೋದರೆ ಅಲ್ಲಿ ಬೇರೆಯೇ ನಾಟಕ ನಡೆದಿತ್ತು. ಯಜಮಾನರು ಕೊರಳಿಗೆ ಮಫ್ಲರ್ ಸುತ್ತಿ, ಹಂಡೆಯ ಹಬೆಗೆ ಮುಖ ಒಡ್ಡಿ ಕುಳಿತಿದ್ದರು. ಹಿಂದಿನ ದಿನ ಮದುವೆಮನೆಯೊಂದರಲ್ಲಿ ಮಾವಿನಕಾಯಿ ಚಿತ್ರಾನ್ನ, ಅದರ ಮೇಲೆ ಹುಳಿಮಜ್ಜಿಗೆ. ದನಿ ಪೂರ್ತಿ ಬಿದ್ದುಹೋಗಿತ್ತು.

“ಎಷ್ಟು ಸಲ ಬಡಿಸಿಕೊಂಡ್ರಿ?” ಎಂದು ಹಾರ್ಮೋನಿಯಂ ಸುಬ್ಬಣ್ಣನವರು ಕೇಳಿದರು.

ಯಜಮಾನರು ಮೂರು ಬೆರಳು ತೋರಿಸಿದರು.

“ಅಲ್ಲೂ ವನ್ಸ್ ಮೋರ್!” ಎಂದು ಸುಬ್ಬಣ್ಣನವರು ನನ್ನ ಕಡೆ ತಿರುಗಿ, “ಬರ್ಕೋ ಗುಮಾಸ್ತ,” ಎಂದರು. ಬಳಿಕ ಯಜಮಾನರಿಗೆ, “ಹೊರಗೆ ಜನ ತುಂಬಿದಾರೆ. ಆಟ ನಿಲ್ಸಿದ್ರೆ ತಗಡು ಕಿತ್ತಾಕ್ತಾರೆ. ಹಾಲೇಶ ಹಾಡ್ಲಿ. ಆರು ತಿಂಗಳಿಂದ ಪರದೆ ಪಕ್ಕ ನಿಂತು ಕೇಳಿದಾನೆ, ಪಾರ್ಟು ಪೂರಾ ಬರುತ್ತೆ.”

ಯಜಮಾನರು ಜರಿಯ ಪಟ್ಟಿಯನ್ನು ತಾವೇ ಬಿಚ್ಚಿ ಹಾಲೇಶನ ಸೊಂಟಕ್ಕೆ ಸುತ್ತಿದರು. ಅದು ಎರಡು ಸುತ್ತು ಬಂದು ಇನ್ನೂ ಒಂದು ಗೇಣು ಉಳಿಯಿತು. ಹಾಲೇಶ ಬಿಳಿ ಗಡ್ಡವನ್ನು ಕಿತ್ತು ನನ್ನ ಕೈಗೆ ಕೊಟ್ಟ. ರೈಲಿನ ವಿಷಯ ಹೇಳುವ ಹೊತ್ತು ಅದಲ್ಲವೆಂದು ನಾನು ನನ್ನ ಬೆಂಚಿಗೆ ಹೋದೆ.

ಸುಬ್ಬಣ್ಣನವರು ಹಳ್ಳದಲ್ಲಿ ಕುಳಿತು, ತಿದಿ ಒತ್ತಿ, ಒಂದು ಕ್ಷಣ ತಡೆದು, ಬೆರಳನ್ನು ಬಿಳಿ ಎರಡರ ಮೇಲಿಂದ ಎತ್ತಿ ಕರಿ ನಾಲ್ಕರ ಮೇಲೆ ಇಟ್ಟರು. ಹಿಂದೆ ತಿರುಗಿ ನನಗೆ ಮಾತ್ರ ಕೇಳುವ ಹಾಗೆ, “ಈ ಮನೆಗೆ ಬಂದು ನಾಲ್ಕು ವರ್ಷ ಆಯ್ತು ಕಣಯ್ಯ, ಜೇಡ ಕಟ್ಟಿದೆ,” ಎಂದರು. ಹಾಲೇಶ ಬಂದ. ಹದಿನಾರರ ರಾಜಕುಮಾರನಿಗೆ ಸೊಂಟ ಎಂಬುದೊಂದು ಇರುತ್ತದೆಂದು ಶಿವಮೊಗ್ಗದ ಜನ ಅಂದು ಕಂಡರು. ದನಿ ಎದ್ದಿತು. ತಾಯಿಯ ಪಾತ್ರದಾಕೆ ತನ್ನ ಮಾತು ಮರೆತು ಅವನನ್ನೇ ನೋಡಿದಳು. ನಾನು ಪೆನ್ಸಿಲು ಹಿಡಿದು ಕಾದೆ. ಈಗ, ಮೂರು ವರ್ಷದ ಮೇಲೆ, ಆ ಪಲ್ಲವಿಯನ್ನು ಅದಿರಬೇಕಾದ ಹಾಗೆ ಕೇಳುತ್ತೇನೆ ಎಂದು ಕಾದೆ. ‘ಎಣ್ಣೆನೀರು ಎರೆದ ಕೈಯೆ’ ಎಂದು ಮೇಲೆ ಹೋಗಿ, ಹದ್ದಿನ ಹಾಗೆ ರೆಕ್ಕೆ ಅಲುಗಿಸದೆ ತೇಲಿ, ‘ಹೊಸ್ತಿ’ ಎಂದ. ಕಡಿದ. ಒಂದು ಏದುಸಿರು ಬಿಟ್ಟ. ‘ಲ ದಾಟಿಸು ತಾಯೆ’ ಎಂದ.

ಕುದುರೆಯಂಥ ಎದೆಯ ಹುಡುಗ. ಬೆಂಕಿಯ ಮುಂದೆ ಇಡೀ ದಿನ ಮರಳು ಹೊತ್ತರೂ ಏದದವನು. ಅವನು ಮುರಿಗೆಪ್ಪನವರ ಎದೆಕಟ್ಟನ್ನು, ಅದರ ಕಡೆಯ ಕೆಮ್ಮಿನ ಎಳೆಯ ತನಕ, ರಾಗವೆಂದು ತಿಳಿದು ಕಲಿತಿದ್ದ. ಪರದೆಯ ಪಕ್ಕದಲ್ಲಿ ನಿಂತು ಕಲಿತವನಿಗೆ ಯಾವುದು ಹಾಡು, ಯಾವುದು ಕಾಯಿಲೆ ಎಂದು ಬಿಡಿಸಿ ಹೇಳುವವರು ಯಾರು?

ತಗಡು ಗುಡುಗಿತು. “ಥೇಟ್ ಯಜಮಾನ್ರು! ಥೇಟ್ ಯಜಮಾನ್ರು!” ಎಂದು ಹಿಂದಿನ ಬೆಂಚುಗಳು ಎದ್ದು ನಿಂತವು. ಐದು ವನ್ಸ್ ಮೋರ್. ಐದು ಸಲವೂ ಅಲ್ಲೇ ಕಡಿತ, ಅಲ್ಲೇ ಅಳು, ಅಲ್ಲೇ ಚಪ್ಪಾಳೆ. ಪಕ್ಕದ ಪರದೆಯ ಮರೆಯಲ್ಲಿ ಯಜಮಾನರು ಮಫ್ಲರಿನಲ್ಲಿ ನಿಂತು, ಪ್ರತಿ ಸಲ ಆ ಜಾಗ ಬಂದಾಗ ಬೆರಳೆತ್ತಿ ತೋರಿಸುತ್ತಿದ್ದರು. ಆಟ ಮುಗಿದ ಮೇಲೆ ಹಾಲೇಶನನ್ನು ತಬ್ಬಿಕೊಂಡು, ಇಲ್ಲದ ದನಿಯಲ್ಲಿ ಪಿಸುಗುಟ್ಟಿದರು: “ಉಸಿರು ಸರ್ಯಾಗಿ ಹಿಡ್ದೆ ಕಣೋ. ಅದೊಂದೇ ನನ್ನ ವಿದ್ಯೆ. ಬುಧವಾರ ಚಿತ್ರದುರ್ಗಕ್ಕೆ ಎದ್ದೇಳ್ತೀವಿ, ಅಲ್ಲಿ ನೀನೇ ರಾಜಕುಮಾರ. ಆದ್ರೆ ನಾನ್ ಹಾಡಿದ ಹಂಗೇ ಹಾಡ್ಬೇಕು. ಒಂದು ಕೂದ್ಲೂ ಅತ್ತಿತ್ತ ಆಗ್ಬಾರ್ದು.” ನೋಡಿ, ತಮ್ಮ ಏದುಸಿರು ತಮ್ಮದೇ ವಿದ್ಯೆಯೆಂದು ಆ ಮನುಷ್ಯ ಮನಸಾರೆ ನಂಬಿಬಿಟ್ಟಿದ್ದರು! ಸುಳ್ಳು ಹೇಳಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ.

ಹಾಲೇಶ ಮುಖದ ಬಣ್ಣ ಅರ್ಧ ತೊಳೆದುಕೊಂಡು ನನ್ನ ಜೊತೆ ಸ್ಟೇಷನ್ನಿಗೆ ಬಂದ. ಹೊತ್ತು ಮುಳುಗುತ್ತಿತ್ತು. ದಾರಿಯಲ್ಲಿ ಇಬ್ಬರು ಅವನನ್ನು ಗುರುತಿಸಿ ಕೈಮುಗಿದರು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಲ್ಲಿ ಕುಳಿತ ಮೇಲೆ ನಾನು ಪಾರ್ವತಿ ಹೇಳಿದ್ದನ್ನು ಹೇಳಿದೆ. ಅಷ್ಟಕ್ಕೇ ಬಿಡಬಹುದಾಗಿತ್ತು, ಅವಳು ಕೈ ಹಿಡಿದು ಎಳೆಯಲು ಹೇಳಿದ್ದಳೇ ಹೊರತು ವಾದ ಮಾಡಲು ಹೇಳಿರಲಿಲ್ಲ. ನಾನು ಡೈರಿ ತೆಗೆದು, ಮೂರನೆಯ ವರ್ಷದ ಪುಟ ಬಿಚ್ಚಿ, ಬೆರಳಿಟ್ಟು ಓದಿ ತೋರಿಸಿದೆ. “ಇದು ರಾಗ ಅಲ್ಲ ಹಾಲೇಶ, ಎದೆಕಟ್ಟು. ಇವತ್ತು ನೀನು ಐದು ಸಲ ಹಾಡಿದ್ದು ಅವರ ಎದೆಕಟ್ಟನ್ನ.”

ಅವನು ಪುಸ್ತಕ ಕಸಿದುಕೊಂಡು ತಾನೇ ಓದಿದ. ಬಣ್ಣ ಉಳಿದಿದ್ದ ಕೆನ್ನೆ ಬಿಗಿಯಾಯಿತು.

“ಮತ್ತೆ ಜನ ಅದಕ್ಕೇ ಅಲ್ವೇನೋ ಕೂಗಿದ್ದು?”

“ಜನಕ್ಕೇನು, ಸತ್ತೋನ್ನೂ ಎಬ್ಬಿಸ್ತಾರೆ.”

“ಅಲ್ಲಪ್ಪ, ಮೂರು ವರ್ಷದಿಂದ ಗೊತ್ತಿತ್ತು ನಿಂಗೆ. ನಾನು ಆರು ತಿಂಗಳು ಆ ಉಸಿರು ಬರಲ್ಲ ಅಂತ ಒದ್ದಾಡಿದೀನಿ. ಹರಿಹರದ ಹೊಳೆ ದಂಡೇಲಿ ನಿಂತು ಬರೀ ಅದೊಂದನ್ನೇ ಸಾಧನೆ ಮಾಡಿದೀನಿ. ಒಂದು ಕಾರ್ಡು ಬರೀಬಾರ್ದಿತ್ತಾ?”

ಡೈರಿಯಲ್ಲಿ ಬರೆದಿಟ್ಟಿದ್ದೆನಲ್ಲ ಎಂಬುದೇ ಉತ್ತರವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಭದ್ರಾವತಿಯ ರೈಲು ಬಂದು ನಿಂತಿತು. ಹಾಲೇಶ ಎದ್ದು ನಿಂತ.

“ಕೇಳು ಮಾರಾಯ. ಅಲ್ಲಿದ್ರೆ ಅವರ ಹಂಗೇ ಹಾಡ್ಬೇಕು, ಸಾಯೋ ತನಕ. ನನ್ನ ಹಂಗೆ ಹಾಡಿದ್ರೂ ಕೇಳೋರು ಒಬ್ರಾದ್ರೂ ಇದಾರೆ ಅಂದ್ರೆ ಈಗ್ಲೇ ರೈಲು ಹತ್ತಿ ಬರ್ತೀನಿ. ನಾಳೆ ಬೆಳಿಗ್ಗೆ ನಿನ್ನ ಕಿಟಕಿ ಮುಂದೆ ನಿಂತು ಬಿಲ್ಲೆ ತಗೊಳ್ತೀನಿ, ಗಣಪತಿ ಹಬ್ಬಕ್ಕೆ ಹಾಡ್ಕೊಂಡಿರ್ತೀನಿ. ಈಗ ಒಂದ್ಸಲ ಹಾಡ್ತೀನಿ. ಕೇಳಿ ನೀನೇ ಹೇಳು.”

ಹಾರ್ಮೋನಿಯಂ ಇಲ್ಲ, ತಬಲವಿಲ್ಲ. ಎಂಜಿನ್ನು ಹಬೆ ಬಿಡುತ್ತಿತ್ತು, ಯಾರೋ ಬಾಳೆಗೊನೆ ಹೇರುತ್ತಿದ್ದರು. ಅವನು ಕಣ್ಣು ಮುಚ್ಚಿ ಎತ್ತಿಕೊಂಡ. ಎಣ್ಣೆನೀರು ಎರೆದ ಕೈಯೆ. ಮೇಲೆ ಹೋದ, ನಿಂತ, ಯಾವ ಅವಸರವೂ ಇಲ್ಲದೆ ಇಳಿಯತೊಡಗಿದ. ಹೊಸ್ತಿಲಿಗೆ ಬಂದ. ಹೊಸ್ತಿಲು ಇತ್ತೆಂದೇ ತಿಳಿಯದ ಹಾಗೆ ದಾಟಿದ. ತಾಯೆ ಎಂಬುದು ಮುಗಿದದ್ದು ಎಲ್ಲಿ, ಸುಮ್ಮನಾದದ್ದು ಎಲ್ಲಿ ಎಂದು ಗೊತ್ತಾಗಲಿಲ್ಲ. ಬಾಳೆಗೊನೆಯವನು ಗೊನೆಯನ್ನು ಹೆಗಲ ಮೇಲೆ ಹಾಗೆಯೇ ಹಿಡಿದು ನಿಂತಿದ್ದ.

ಹಾಲೇಶ ಕಣ್ಣು ಬಿಟ್ಟು ನನ್ನನ್ನು ನೋಡಿದ. ನಾನು ಕೈಗಡಿಯಾರ ನೋಡುತ್ತಿದ್ದೆ.

“ಹದಿನೇಳು ಸೆಕೆಂಡು,” ಎಂದೆ. “ಒಂದೇ ಉಸಿರಿಗೆ!”

“ಅಷ್ಟೇನಾ?” ಎಂದ.

ಮತ್ತೇನು ಹೇಳಬೇಕಿತ್ತೆಂದು ನಾನು ಹುಡುಕುತ್ತಿರುವಾಗಲೇ ಗಾರ್ಡು ಸೀಟಿ ಊದಿದ. ಹಾಲೇಶ ಡೈರಿಯನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಕೂಸಿಗೆಂದು ತಂದಿದ್ದ ಗಿಲಕಿಯೊಂದನ್ನು ತೆಗೆದು ಅದರ ಮೇಲಿಟ್ಟು, ಬೆನ್ನು ತಿರುಗಿಸಿ ಊರಿನ ಕಡೆ ನಡೆದ. ನಾನು ಓಡುತ್ತಿದ್ದ ರೈಲು ಹತ್ತಿದೆ. ಬಾಗಿಲಲ್ಲಿ ನಿಂತರೆ ಅವನ ಬೆನ್ನು ಗೇಟಿನ ತನಕ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಕೂಗಬೇಕಾಗಿದ್ದದ್ದು ಎರಡೇ ಪದ. ಐದು ವರ್ಷ ಊರವರ ಬಾಯಲ್ಲಿ ಕೇಳಿ, ನಕ್ಕು, ಗೆರೆ ಎಳೆದು ಎಣಿಸಿದ ಪದ. ನನ್ನ ಬಾಯಿಗೆ ಅದು ಬರಲಿಲ್ಲ.